ದಾರಿ ಮಾಡಿಕೊಟ್ಟವರು: ಕಾರವಾರದ ಸೆಕೆಂಡ್ ಲೆಫ್ಟಿನೆಂಟ್ ರಾಣೆ

ಕಾರವಾರದ ಟ್ಯಾಗೋರ್ ಬೀಚಿಗೆ ಹೋದವರು ಅಲ್ಲಿರುವ ಐಎನ್ಎಸ್ ಚಪಲ್ ಯುದ್ಧನೌಕೆಯ ಮುಂದೆ ನಿಂತು ಒಂದು ಫೋಟೋ ಹೊಡೆಸಿಕೊಳ್ಳದೇ ವಾಪಸ್ ಬರುವುದಿಲ್ಲ. ಆ ನೌಕೆಯ ಹತ್ತಿರದಲ್ಲೇ ಒಬ್ಬ ಸೈನಿಕರ ಪ್ರತಿಮೆ ಇದೆ, 2006ರ ನವೆಂಬರಿನಲ್ಲಿ ಅನಾವರಣವಾದದ್ದು. ಅದು ಯಾರದ್ದು ಅಂತ ಕೇಳಿ ನೋಡಿ. ಫೋಟೋ ತೆಗೆಸಿಕೊಂಡವರಲ್ಲಿ ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ವಿಕ್ರಮ್ ಬಾತ್ರಾ ಗೊತ್ತು, ಅಬ್ದುಲ್ ಹಮೀದ್ ಗೊತ್ತು, ಆದರೆ ರಾಮ ರಾಘೋಬಾ ರಾಣೆ ಅಂದರೆ ಯಾರು?

ಇವತ್ತಿನ ತನಕ ಪರಮವೀರ ಚಕ್ರ ಸಿಕ್ಕಿರುವುದು ಬರೀ 21 ಜನಕ್ಕೆ. ಅದರಲ್ಲಿ ಈಗಿನ ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದವರು ಒಬ್ಬರೇ ಒಬ್ಬರು, ಅವರೇ ಈ ರಾಣೆ. ಕಾರವಾರದ ಪಕ್ಕದ ಚೆಂಡಿಯಾ ಊರಿನವರು.

ಅವರು ಮಾಡಿದ್ದೇನು ಅಂತ ಒಂದೇ ಸಾಲಲ್ಲಿ ಹೇಳಬೇಕಂದ್ರೆ, ಒಂದು ರಸ್ತೆ ಬಿಡಿಸಿದರು, ಅಷ್ಟೇ. ಬಂಕರಿಗೆ ನುಗ್ಗಲಿಲ್ಲ, ಶತ್ರುವಿನ ಟ್ಯಾಂಕು ಉಡಾಯಿಸಲಿಲ್ಲ, ಬೆಟ್ಟದ ತುದಿಯಲ್ಲಿ ಬಾವುಟ ನೆಡಲಿಲ್ಲ. ರಸ್ತೆಯಲ್ಲಿ ಹೂತಿಟ್ಟ ಮೈನುಗಳನ್ನು ಕಿತ್ತು, ಅಡ್ಡ ಬಿದ್ದ ಮರಗಳನ್ನು ಸಿಡಿಸಿ, ಮುರಿದ ಮೋರಿಗಳ ಪಕ್ಕದಲ್ಲಿ ಹೊಸ ದಾರಿ ಕಡಿದರು. ತಲೆಯ ಮೇಲೆ ಮಷೀನ್ ಗನ್ನುಗಳು ಉಗುಳುತ್ತಿರುವಾಗ, ಗಾಯ ಮಾಡಿಕೊಂಡ ಮೈಯಲ್ಲಿ, ನಾಲ್ಕು ದಿನ. ಓದ್ತಾ ಓದ್ತಾ ನನಗೆ ಅನ್ನಿಸಿದ್ದು, ಇದು ನಾವು ಸಿನಿಮಾಗಳಲ್ಲಿ ನೋಡಿ ಅಭ್ಯಾಸವಾದ ಧೈರ್ಯ ಅಲ್ಲ, ಇದರ ಜಾತಿಯೇ ಬೇರೆ. ಆ ವಿಷಯ ಹೇಳೋಣ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ವಲ್ಪ ಹಿನ್ನೆಲೆ. 1947ರ ಅಕ್ಟೋಬರಿನಲ್ಲಿ ಪಾಕಿಸ್ತಾನದ ಕಡೆಯಿಂದ ಬುಡಕಟ್ಟು ಪಡೆಗಳು ಕಾಶ್ಮೀರಕ್ಕೆ ನುಗ್ಗಿದ್ದು, ಮಹಾರಾಜ ಹರಿಸಿಂಗರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದ್ದು, ನಮ್ಮ ಸೈನ್ಯ ವಿಮಾನದಲ್ಲಿ ಶ್ರೀನಗರಕ್ಕೆ ಇಳಿದದ್ದು ಎಲ್ಲರಿಗೂ ಗೊತ್ತಿರುವ ಕಥೆ. ಆದರೆ ಯುದ್ಧ ನಡೆದದ್ದು ಶ್ರೀನಗರದ ಕಣಿವೆಯಲ್ಲಿ ಮಾತ್ರ ಅಲ್ಲ. ಜಮ್ಮುವಿನ ಪಶ್ಚಿಮಕ್ಕೆ ನೌಶೇರಾ, ಝಂಗರ್, ರಾಜೌರಿ, ಪೂಂಛ್ ಕಡೆಯೂ ಭೀಕರ ಹೋರಾಟ ನಡೆಯಿತು. ಆ ನವೆಂಬರಿನಲ್ಲೇ ರಾಜೌರಿ ಪಟ್ಟಣ ದಾಳಿಕೋರರ ಕೈಗೆ ಬಿತ್ತು. ಊರಿನವರು ಮತ್ತು ಸುತ್ತಲಿನ ಹಳ್ಳಿಗಳಿಂದ ಅಲ್ಲಿಗೆ ಓಡಿ ಬಂದಿದ್ದ ನಿರಾಶ್ರಿತರು ಸಾವಿರಾರು ಸಂಖ್ಯೆಯಲ್ಲಿ ಸತ್ತರು. ಬದುಕಿ ಉಳಿದವರು ಚಳಿಗಾಲವಿಡೀ ಅವರ ಕೈಯಲ್ಲೇ ಸಿಕ್ಕಿಕೊಂಡಿದ್ದರು.

ಡಿಸೆಂಬರಿನಲ್ಲಿ ಝಂಗರ್ ಕೂಡ ಕೈಬಿಟ್ಟಿತು. 1948ರ ಫೆಬ್ರುವರಿ 6ರಂದು ನೌಶೇರಾದ ಮೇಲೆ ದೊಡ್ಡ ದಾಳಿಯೇ ಆಯಿತು, ಬ್ರಿಗೇಡಿಯರ್ ಉಸ್ಮಾನ್ ಅವರ ಬ್ರಿಗೇಡು ಅದನ್ನು ತಡೆದು ನಿಲ್ಲಿಸಿತು. ಮಾರ್ಚ್ 18ಕ್ಕೆ ಝಂಗರ್ ವಾಪಸ್ ಸಿಕ್ಕಿತು. ಇನ್ನು ಮುಂದಿನ ಗುರಿ ರಾಜೌರಿ. ಆ ಕೆಲಸ ಬಂದದ್ದು ಬ್ರಿಗೇಡಿಯರ್ ಯದುನಾಥ್ ಸಿಂಗರ 19ನೇ ಇನ್‌ಫೆಂಟ್ರಿ ಬ್ರಿಗೇಡಿಗೆ. ನೌಶೇರಾದಿಂದ ರಾಜೌರಿಗೆ ಹೋಗುವ ರಸ್ತೆ ಬೆಟ್ಟದ ಪಕ್ಕೆಯಲ್ಲಿ ಹಾವಿನ ಹಾಗೆ ಸುತ್ತಿಕೊಂಡು ಹೋಗುತ್ತದೆ. ಮಧ್ಯದಲ್ಲಿ ಚಿಂಗಸ್ ಅಂತ ಒಂದು ಊರು, ಮೊಘಲರು ಕಾಶ್ಮೀರಕ್ಕೆ ಹೋಗುವಾಗ ತಂಗುತ್ತಿದ್ದ ಸರಾಯಿ ಇರುವ ಜಾಗ. ಜಹಾಂಗೀರ್ ಬಾದಶಹ ಕಾಶ್ಮೀರದಿಂದ ವಾಪಸ್ ಬರುವ ದಾರಿಯಲ್ಲಿ ಸತ್ತಾಗ ಅವನ ಕರುಳನ್ನು ಹೂತದ್ದು ಇಲ್ಲೇ ಅಂತ ಪ್ರತೀತಿ. ಊರಿನ ಹೆಸರೂ ಅದರಿಂದಲೇ ಬಂತಂತೆ.

ಕಾಲಾಳುಗಳಾದರೆ ಬೆಟ್ಟ ಹತ್ತಿ ಇಳಿದು ಹೇಗೋ ಹೋಗಿಯಾರು. ಟ್ಯಾಂಕುಗಳು? ಅವುಗಳ ಹಿಂದೆ ಬರಬೇಕಾದ ಅಕ್ಕಿ, ಗುಂಡು, ಔಷಧಿ ಹೊತ್ತ ಲಾರಿಗಳು? ಅವಕ್ಕೆ ಇದ್ದದ್ದು ಅದೊಂದೇ ರಸ್ತೆ. ಎದುರಾಳಿಗೂ ಇದು ಚೆನ್ನಾಗಿ ಗೊತ್ತಿತ್ತು. ಹಾಗಾಗಿ ಅವರು ಹಿಂದೆ ಸರಿಯುವಾಗ ರಸ್ತೆಯನ್ನು ಹಾಳುಗೆಡವುತ್ತಾ ಹೋದರು. ಪೈನ್ ಮರಗಳನ್ನು ಕಡಿದು ಅಡ್ಡ ಹಾಕಿದರು, ಮೋರಿಗಳನ್ನು ಸ್ಫೋಟಿಸಿದರು, ಅಲ್ಲಲ್ಲಿ ರಸ್ತೆಯ ಅಂಚನ್ನೇ ಒಡೆದರು, ಎಲ್ಲೆಲ್ಲೂ ಮೈನುಗಳನ್ನು ಹೂತಿಟ್ಟರು.

ಈ ಜಾಗಕ್ಕೆ ಬಂದವರು ರಾಣೆ. ವಯಸ್ಸು 29. ಹೆಚ್ಚುಕಮ್ಮಿ ನನ್ನದೇ ವಯಸ್ಸು ನೋಡಿ!

ಸೆಕೆಂಡ್ ಲೆಫ್ಟಿನೆಂಟ್ ಅಂದ ಕೂಡಲೇ ಈಗ ತಾನೇ ಅಕಾಡೆಮಿಯಿಂದ ಹೊರಬಿದ್ದ, ಮೀಸೆ ಚಿಗುರುವ ಹುಡುಗ ಅಂದುಕೊಳ್ಳಬೇಡಿ. ರಾಣೆಯವರದ್ದು ಬೇರೆ ದಾರಿ. ಹುಟ್ಟಿದ್ದು 1918ರ ಜೂನ್ 26. ತಂದೆ ಪೊಲೀಸ್ ಪೇದೆ. ವರ್ಗವಾದಲ್ಲೆಲ್ಲ ಶಾಲೆ ಬದಲಾಗುತ್ತಿತ್ತು. ಆಗ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯದಲ್ಲಿತ್ತು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಜೋರಾಗಿ ನಡೆದ ವರ್ಷ ಈ ಹುಡುಗನಿಗೆ ಹನ್ನೆರಡು. ಚಳವಳಿಯ ಗಾಳಿ ಇವನಿಗೂ ತಾಗಿತು. ಮಗ ಎತ್ತಲೋ ಹೋಗಿಬಿಡುತ್ತಾನೆ ಅಂತ ಹೆದರಿದ ತಂದೆ ಸಂಸಾರ ಸಮೇತ ಚೆಂಡಿಯಾಕ್ಕೆ ಕರೆದುಕೊಂಡು ಬಂದರಂತೆ. ಪೊಲೀಸಿನವರ ಕಷ್ಟ ಪೊಲೀಸಿನವರಿಗೇ ಗೊತ್ತು!

ಮುಂದೆ 1940ರ ಜುಲೈ 10ರಂದು ರಾಣೆ ಸೈನ್ಯಕ್ಕೆ ಸೇರಿದರು, ಬಾಂಬೆ ಸ್ಯಾಪರ್ಸ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿ. ತರಬೇತಿಯಲ್ಲಿ ಅತ್ಯುತ್ತಮ ಅನ್ನಿಸಿಕೊಂಡು ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು. ಅಲ್ಲಿಂದ ಬರ್ಮಾದ ಯುದ್ಧ. ಅರಾಕಾನಿನಿಂದ ಸೈನ್ಯ ಹಿಂದೆ ಸರಿಯುವಾಗ ಬುತಿಡಾಂಗ್‌ನಲ್ಲಿ ಜಪಾನಿಯರಿಗೆ ಉಪಯೋಗಕ್ಕೆ ಬರಬಹುದಾದ್ದನ್ನೆಲ್ಲ ನಾಶ ಮಾಡಿ ಬನ್ನಿ ಅಂತ ಇವರನ್ನೂ ಒಂದಷ್ಟು ಜನರನ್ನೂ ಹಿಂದೆ ಬಿಟ್ಟರು. ಕೆಲಸ ಮುಗಿದ ಮೇಲೆ ನೌಕಾಪಡೆಯ ಹಡಗು ಬಂದು ಕರೆದುಕೊಂಡು ಹೋಗಬೇಕಿತ್ತು. ಅದು ಆಗಲೇ ಇಲ್ಲ. ಜಪಾನಿ ಗಸ್ತು ತಿರುಗುತ್ತಿದ್ದ ನದಿಯನ್ನು ತಾವೇ ದಾಟಿ, ಜೊತೆಯವರನ್ನೂ ದಾಟಿಸಿ, ಬಾವ್ಲಿ ಬಜಾರಿನಲ್ಲಿ ತಮ್ಮ ಡಿವಿಷನ್ನನ್ನು ಸೇರಿಕೊಂಡರು. ಅಂದರೆ "ಮೇಲಿನಿಂದ ಸಹಾಯ ಬರುತ್ತೆ" ಅಂತ ಕಾದು ಕೂರುವ ಜಾಯಮಾನ ಅವರದ್ದಲ್ಲ ಅನ್ನೋದು ಆಗಲೇ ಗೊತ್ತಾಗಿತ್ತು.

ಹೀಗೆ ಏಳು ವರ್ಷ ಕೆಳಗಿನ ದರ್ಜೆಗಳಲ್ಲಿ ಬೆಂದು ಮೇಲೆ ಬಂದವರಿಗೆ 1947ರ ಡಿಸೆಂಬರ್ 15ರಂದು ಅಧಿಕಾರಿಯ ನಕ್ಷತ್ರ ಸಿಕ್ಕಿತು. ಅಧಿಕಾರಿಯಾಗಿ ಇನ್ನೂ ನಾಲ್ಕು ತಿಂಗಳು ತುಂಬುವ ಮೊದಲೇ ಈ ರಸ್ತೆಯ ಮೇಲೆ ಬಂದು ನಿಂತಿದ್ದರು, 37ನೇ ಅಸಾಲ್ಟ್ ಫೀಲ್ಡ್ ಕಂಪನಿಯ ಒಂದು ತುಕಡಿಯೊಂದಿಗೆ.

ಇಲ್ಲಿ ಸ್ಯಾಪರ್ ಅಂದರೇನು ಅಂತ ಎರಡು ಮಾತು. ಬೆಂಗಳೂರಿನವರಿಗೆ ಹಲಸೂರು ಕೆರೆ ಪಕ್ಕದ ಎಂಇಜಿ ಗೊತ್ತಿರುತ್ತೆ, ಅದು ಮದ್ರಾಸ್ ಸ್ಯಾಪರ್ಸ್‌ನ ಮನೆ. ಬಾಂಬೆ ಸ್ಯಾಪರ್ಸ್‌ನದ್ದು ಪುಣೆಯ ಖಡಕಿಯಲ್ಲಿದೆ. ಇವರು ಸೈನ್ಯದ ಇಂಜಿನಿಯರುಗಳು. ನಮ್ಮವರಿಗೆ ಸೇತುವೆ, ರಸ್ತೆ ಮಾಡಿಕೊಡುವುದು, ಶತ್ರುವಿನ ಸೇತುವೆ, ರಸ್ತೆ ಕೆಡವುವುದು, ಮೈನು ಹೂಳುವುದು, ಮೈನು ತೆಗೆಯುವುದು ಇವರ ಕಸುಬು. ನಾನೂ ಇಂಜಿನಿಯರಿಂಗ್ ಓದಿದವನೇ ಕಣ್ರೀ, ಆದರೆ ನಮ್ಮ ಕೆಲಸದಲ್ಲಿ ತಪ್ಪಾದರೆ ಒಂದು ಬಗ್ ಬರುತ್ತೆ, ಕ್ಲಯಂಟಿನಿಂದ ಬೈಗುಳ ಬರುತ್ತೆ. ಇವರಿಗೆ ಎರಡನೇ ಚಾನ್ಸೇ ಇಲ್ಲ.

ಮೈನು ತೆಗೆಯುವ ಕೆಲಸವನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ನೆಲದ ಮೇಲೆ ಮಲಗಿ, ಬಯೋನೆಟ್ಟಿನಂಥ ಮೊನಚಾದ ವಸ್ತುವನ್ನು ಓರೆಯಾಗಿ ಮಣ್ಣಿನೊಳಗೆ ಮೆಲ್ಲಗೆ ತೂರಿಸಬೇಕು. ನೇರವಾಗಿ ಚುಚ್ಚಿದರೆ ಮೈನಿನ ನೆತ್ತಿಯ ಮೇಲೆ ಒತ್ತಡ ಬೀಳುತ್ತೆ. ಏನಾದರೂ ಗಟ್ಟಿಯಾಗಿ ತಾಗಿದರೆ ಸುತ್ತಲಿನ ಮಣ್ಣನ್ನು ಬೆರಳಲ್ಲಿ ಕೆದಕಿ, ನಿಷ್ಕ್ರಿಯ ಮಾಡಿ, ಎತ್ತಿ ಪಕ್ಕಕ್ಕಿಡಬೇಕು. ಆಮೇಲೆ ಮುಂದಿನ ಅಂಗುಲ. ಕೈ ನಡುಗಬಾರದು, ಅವಸರ ಮಾಡಬಾರದು. ಮದ್ದುಗುಂಡು ಬರುತ್ತಿದ್ದರೆ ಮನುಷ್ಯನ ಮೈ ತಾನಾಗಿ ಓಡು ಅನ್ನುತ್ತೆ, ಇಲ್ಲವೇ ತಿರುಗಿ ಹೊಡಿ ಅನ್ನುತ್ತೆ. ಸ್ಯಾಪರ್ ಎರಡನ್ನೂ ಮಾಡುವ ಹಾಗಿಲ್ಲ. ಎದುರಾಳಿಯೂ ದಡ್ಡನಲ್ಲ, ಅಡ್ಡಗಟ್ಟಿ ಹಾಕಿ ಸುಮ್ಮನೆ ಹೋಗುವುದಿಲ್ಲ. ಅದು ಚೆನ್ನಾಗಿ ಕಾಣುವ ಹಾಗೆ ಮೇಲಿನ ಗುಡ್ಡದಲ್ಲಿ ಮಷೀನ್ ಗನ್ ಇಟ್ಟುಕೊಂಡು, ಬಿಡಿಸಲು ಬರುವವನಿಗಾಗಿಯೇ ಕಾಯುತ್ತಾನೆ.

ಈಗ ಆ ನಾಲ್ಕು ದಿನ. ರಾಣೆಯವರ ಪರಮವೀರ ಚಕ್ರದ ಪ್ರಶಸ್ತಿ ಪತ್ರದಲ್ಲಿ ಒಂದು ವಿಶೇಷ ಇದೆ. ಅದರ ತುಂಬಾ ಗಂಟೆಗಳೇ! ಇಷ್ಟು ಗಂಟೆಗೆ ಶುರು, ಇಷ್ಟು ಗಂಟೆಗೆ ಮುಗೀತು ಅಂತ, ನಾವು ವಾರದ ಕೊನೆಗೆ ತುಂಬುವ ಟೈಮ್‌ಶೀಟಿನ ಹಾಗೆ.

ಏಪ್ರಿಲ್ 8. ನೌಶೇರಾದ ಉತ್ತರಕ್ಕಿರುವ ಬರ್ವಾಲಿ ದಿಬ್ಬದ ಮೇಲೆ 4ನೇ ಡೋಗ್ರಾ ಪಡೆಯ ದಾಳಿ. ರಸ್ತೆಯ 26ನೇ ಮೈಲಿಯ ಹತ್ತಿರ ಮೈನು ತೆಗೆಯಲು ರಾಣೆಯವರ ತಂಡ ಟ್ಯಾಂಕುಗಳ ಪಕ್ಕ ಕಾಯುತ್ತಿತ್ತು. ಬೆಳಗ್ಗೆ 11ಕ್ಕೆ ಮಾರ್ಟರ್ ಗುಂಡುಗಳು ಸುರಿಯಲು ಶುರುವಾದವು. ಕೆಲಸ ಇನ್ನೂ ಆರಂಭವೇ ಆಗಿಲ್ಲ, ತಂಡದ ಇಬ್ಬರು ಸತ್ತರು, ರಾಣೆಯೂ ಸೇರಿ ಐವರಿಗೆ ಗಾಯ. ಇಲ್ಲಿಗೇ ಕಥೆ ಮುಗಿದಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಗಾಯಗೊಂಡ ಅಧಿಕಾರಿಯನ್ನು ಹಿಂದಕ್ಕೆ ಕಳಿಸುವುದು ಮಾಮೂಲು. ಆದರೆ ಅವರು ಉಳಿದವರನ್ನು ಅಲ್ಲೇ ಮತ್ತೆ ಒಟ್ಟುಗೂಡಿಸಿ, ಟ್ಯಾಂಕುಗಳು ತಮ್ಮ ಜಾಗಕ್ಕೆ ಹೋಗಲು ದಾರಿ ಮಾಡುವ ಕೆಲಸ ಶುರು ಮಾಡಿದರು. ದಿನವಿಡೀ ಗುಂಡಿನ ನಡುವೆ ಟ್ಯಾಂಕುಗಳ ಹತ್ತಿರವೇ ಇದ್ದರು. ಸಂಜೆ ನಾಲ್ಕೂವರೆಯ ಹೊತ್ತಿಗೆ ದಿಬ್ಬ ಕೈಗೆ ಬಂತು. ಶತ್ರು ಪೂರ್ತಿ ಖಾಲಿಯಾಗಿಲ್ಲ ಅಂತ ಗೊತ್ತಿದ್ದೂ ತಂಡವನ್ನು ಮುಂದಕ್ಕೆ ಕರೆದುಕೊಂಡು ಹೋಗಿ, ರಾತ್ರಿ 10ರವರೆಗೆ ಬದಲಿ ದಾರಿ ಕಡಿಯುತ್ತಿದ್ದರು.

ಏಪ್ರಿಲ್ 9. ಬೆಳಗ್ಗೆ 6ಕ್ಕೆ ಮತ್ತೆ ಶುರು. ಮಧ್ಯಾಹ್ನ 3ಕ್ಕೆ ಬದಲಿ ದಾರಿ ತಯಾರು. ಟ್ಯಾಂಕುಗಳು ಹೊರಟವು. ರಾಣೆ ಎಲ್ಲಿ ಕೂತರು? ಎಲ್ಲಕ್ಕಿಂತ ಮುಂದಿನ ಕ್ಯಾರಿಯರ್ ವಾಹನದಲ್ಲಿ. ಅರ್ಧ ಮೈಲಿ ಹೋಗುವಷ್ಟರಲ್ಲಿ ಪೈನ್ ಮರಗಳ ಅಡ್ಡಗಟ್ಟಿ. ಇಳಿದರು, ಸಿಡಿಸಿದರು, ಹತ್ತಿದರು. ಇನ್ನು ಮುನ್ನೂರು ಗಜಕ್ಕೆ ಮತ್ತೊಂದು. ಮತ್ತೆ ಇಳಿ, ಮತ್ತೆ ಸಿಡಿಸು. ಸಂಜೆ 5ರ ಹೊತ್ತಿಗೆ ಮುರಿದ ಮೋರಿ. ಕೆಲಸಕ್ಕೆ ಕೈ ಹಾಕುವ ಮೊದಲೇ ಮಷೀನ್ ಗನ್ನುಗಳು ಶುರುವಾದವು. ಅದರಲ್ಲೇ ಪಕ್ಕಕ್ಕೆ ದಾರಿ ಮಾಡಿದರು. ಆರೂಕಾಲಿಗೆ ಬೆಳಕು ಸಾಯುತ್ತಿದೆ, ಎದುರಿಗೆ ಐದು ದೊಡ್ಡ ಪೈನ್ ಮರಗಳು, ಸುತ್ತಲೂ ಮೈನು, ಮೇಲಿನಿಂದ ಗುಂಡು. ಆಗಲೂ ರಾಣೆ ಮೈನು ತೆಗೆಯಲು ಕೂತೇಬಿಟ್ಟರು. ಟ್ಯಾಂಕು ಪಡೆಯ ಕಮಾಂಡರೇ ಇವತ್ತಿಗೆ ಸಾಕು ಅಂತ ಎಲ್ಲರನ್ನೂ ರಾತ್ರಿ ತಂಗುವ ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗಬೇಕಾಯಿತು.

ಏಪ್ರಿಲ್ 10. ಬೆಳಗಿನ ಜಾವ 4:45. ಅದೇ ಐದು ಮರಗಳ ಮುಂದೆ ಹಾಜರು. ಬೆನ್ನಿಗೆ ಒಂದು ಟ್ಯಾಂಕ್ ಟ್ರೂಪು. ಆರೂವರೆಗೆ ಆ ಗಂಟು ಬಿಚ್ಚಿತು. ಆದರೆ ಮುಂದಿನ ಸಾವಿರ ಗಜ ಇಡೀ ಅಡ್ಡಗಟ್ಟಿಗಳು, ಒಡೆದ ಅಂಚುಗಳು, ಎಲ್ಲದರ ಮೇಲೂ ಮಷೀನ್ ಗನ್ನಿನ ಕಣ್ಣು. ಹತ್ತೂವರೆಯಷ್ಟರಲ್ಲಿ ಅದೂ ಬಿಡಿಸಿ ಆಯಿತು. ಟ್ಯಾಂಕುಗಳು ರಸ್ತೆ ಬಿಟ್ಟು ತಾವಿ ನದಿಯ ಪಾತ್ರಕ್ಕಿಳಿದು ಮಧ್ಯಾಹ್ನ 2ಕ್ಕೆ ಚಿಂಗಸ್ ತಲುಪಿದವು. ಸರಿ, ಟ್ಯಾಂಕು ಹೋಯಿತಲ್ಲ, ಇನ್ನು ಸ್ವಲ್ಪ ಕಾಲು ಚಾಚೋಣ ಅನ್ನಬಹುದಿತ್ತು. ಲಾರಿಗಳು ನದಿಯ ಪಾತ್ರದಲ್ಲಿ ಓಡುವುದಿಲ್ಲ, ಅವಕ್ಕೆ ರಸ್ತೆಯೇ ಬೇಕು. ಊಟ, ವಿಶ್ರಾಂತಿ ಇಲ್ಲದೆ ರಾತ್ರಿ 9ರವರೆಗೆ ರಾಣೆ ರಸ್ತೆ ಬಿಡಿಸುತ್ತಲೇ ಇದ್ದರು.

ಏಪ್ರಿಲ್ 11. ಬೆಳಗ್ಗೆ 6ಕ್ಕೆ ಶುರು. 11ಕ್ಕೆ ಚಿಂಗಸ್‌ವರೆಗೆ ರಸ್ತೆ ತೆರೆಯಿತು. ನಿಲ್ಲಲಿಲ್ಲ. ರಾತ್ರಿ 10ರವರೆಗೆ ಚಿಂಗಸ್‌ನಿಂದಾಚೆಯ ರಸ್ತೆ.

ಏಪ್ರಿಲ್ 12ಕ್ಕೆ ನಮ್ಮ ಸೈನ್ಯ ರಾಜೌರಿ ಸೇರಿತು.

ಕೂತು ಲೆಕ್ಕ ಹಾಕಿದೆ. 8ರ ಬೆಳಗ್ಗೆ 11ರಿಂದ 11ರ ರಾತ್ರಿ 10ರವರೆಗೆ ಒಟ್ಟು 83 ಗಂಟೆ. ಪತ್ರದಲ್ಲಿರುವ ಸಮಯಗಳನ್ನು ಕೂಡಿದರೆ ಅದರಲ್ಲಿ ಸುಮಾರು 55 ಗಂಟೆ ಕೆಲಸ. ಮೊದಲ ಗಂಟೆಯಲ್ಲೇ ಗಾಯ. ಇನ್ನುಳಿದದ್ದೆಲ್ಲ ಆ ಗಾಯದ ಮೇಲೆ ಮಾಡಿದ್ದು.

ಇದೇ ದಿನಗಳ ಇನ್ನೊಂದು ಪ್ರಸಂಗ ಸೈನ್ಯದಲ್ಲಿ ಹೇಳುತ್ತಾರೆ. ಗುಂಡಿನ ಸುರಿಮಳೆಯಲ್ಲಿ ಮೈನುಗಳ ನಡುವೆ ಹೋಗುವುದು ಹೇಗೆ ಅಂತ ಯೋಚಿಸಿ, ರಾಣೆ ಟ್ಯಾಂಕಿನ ಅಡಿಗೇ ತೂರಿಕೊಂಡರಂತೆ. ಟ್ಯಾಂಕಿನ ಎರಡು ಚೈನುಗಳ ನಡುವಿನ ಜಾಗದಲ್ಲಿ ತೆವಳುತ್ತಾ, ಮೇಲಿರುವ ಚಾಲಕನಿಗೆ ಹಗ್ಗದಿಂದ ಸನ್ನೆ ಮಾಡುತ್ತಾ, ಅದು ನಿಂತಾಗ ಮೈನು ತೆಗೆದು, ಚಲಿಸಿದಾಗ ಅದರ ಜೊತೆಗೇ ಚಲಿಸುತ್ತಾ ಮುಂದೆ ಸಾಗಿದರಂತೆ. ಮೇಲೆ ಟನ್ನುಗಟ್ಟಲೆ ಕಬ್ಬಿಣ, ಕೆಳಗೆ ಸಿಡಿಮದ್ದು, ಮಧ್ಯದಲ್ಲಿ ಒಬ್ಬ ಮನುಷ್ಯ, ಕೈಯಲ್ಲಿ ಒಂದು ಹಗ್ಗ. ಸಿನಿಮಾದಲ್ಲಿ ತೋರಿಸಿದರೆ ನಾವು ನಂಬುತ್ತಿರಲಿಲ್ಲ.

ಈಗ ನಾನು ಹೇಳಬೇಕೆಂದಿದ್ದ ಮಾತಿಗೆ ಬರ್ತೀನಿ. ರೋಷ ಉಕ್ಕಿದಾಗ ಒಂದು ಕ್ಷಣಕ್ಕೆ ಪ್ರಾಣದ ಹಂಗು ತೊರೆದು ನುಗ್ಗುವುದು ದೊಡ್ಡದೇ, ಅದನ್ನು ಕಡಿಮೆ ಮಾಡುತ್ತಿಲ್ಲ. ಅಂಥ ಕ್ಷಣದಲ್ಲಿ ಯೋಚಿಸಲು ಪುರುಸೊತ್ತಿರುವುದಿಲ್ಲ. ರಾಣೆಯವರಿಗೆ ಪುರುಸೊತ್ತು ಬೇಕಾದಷ್ಟಿತ್ತು. ಮೂರು ರಾತ್ರಿ ಮಲಗಿ, ಮೂರು ಬೆಳಗ್ಗೆ ಎದ್ದು, ನಿನ್ನೆ ಏನಾಯಿತು ಅಂತ ನೆನಪಿಟ್ಟುಕೊಂಡೇ ಅದೇ ಜಾಗಕ್ಕೆ ಹೋಗಬೇಕಿತ್ತು. ನಿನ್ನೆ ಬದುಕಿದ್ದು ಅದೃಷ್ಟ ಅಂತ ಅವರಿಗೂ ಗೊತ್ತು, ಅವರ ಹುಡುಗರಿಗೂ ಗೊತ್ತು. ಏಪ್ರಿಲ್ 10ರ ಬೆಳಗಿನ 4:45 ಇದೆಯಲ್ಲ, ಇಡೀ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದು. ಹಿಂದಿನ ಸಂಜೆ ಆಗದೇ ಬಿಟ್ಟುಬಂದ ಕೆಲಸದ ಮುಂದೆ, ಸೂರ್ಯ ಹುಟ್ಟುವ ಮೊದಲು, ಮತ್ತೆ ಹೋಗಿ ಕೂರುವ ಧೈರ್ಯ.

ಇನ್ನೊಂದು ಮಾತು. ರಾಣೆ ಒಬ್ಬರೇ ಇದನ್ನು ಮಾಡಲಿಲ್ಲ, ಮಾಡಲಿಕ್ಕೆ ಆಗುತ್ತಲೂ ಇರಲಿಲ್ಲ. ಮರ ಸಿಡಿಸಲು, ದಾರಿ ಕಡಿಯಲು ಕೈಗಳು ಬೇಕು. ಕಣ್ಣೆದುರೇ ಇಬ್ಬರು ಜೊತೆಗಾರರನ್ನು ಕಳೆದುಕೊಂಡ ತುಕಡಿ ಅದು. ಪ್ರಶಸ್ತಿ ಪತ್ರದಲ್ಲಿ ಆ ಇಬ್ಬರ ಹೆಸರಿಲ್ಲ, ಉಳಿದವರದ್ದೂ ಇಲ್ಲ. ಅವರೆಲ್ಲ ನಾಲ್ಕು ದಿನ ಇವರ ಹಿಂದೆ ಹೋದರು. ಯಾಕೆ? ಹೆಗಲ ಮೇಲಿನ ಒಂದು ನಕ್ಷತ್ರ ನೋಡಿ ಯಾರೂ ಮೈನಿನ ಮೇಲೆ ಕೈ ಇಡುವುದಿಲ್ಲ. ನಿನ್ನೆ ಮೊನ್ನೆಯವರೆಗೂ ತಮ್ಮ ಹಾಗೇ ಸಿಪಾಯಿಯಾಗಿದ್ದವನು, ಗಾಯ ಆದ ಮೇಲೂ ಎಲ್ಲರಿಗಿಂತ ಮುಂದಿನ ಗಾಡಿಯಲ್ಲಿ ಕೂತಿದ್ದಾನೆ, ಮೊದಲು ಇಳಿಯುವವನೂ ಅವನೇ. ಅದಕ್ಕಿಂತ ಬೇರೆ ಆರ್ಡರ್ ಬೇಕಾ?

ಬಾಂಬೆ ಸ್ಯಾಪರ್ಸ್‌ಗೆ ಇದು ಹೊಸದೂ ಅಲ್ಲ. ಇದಕ್ಕೆ ಏಳು ವರ್ಷ ಮೊದಲು, 1941ರಲ್ಲಿ, ಆಫ್ರಿಕಾದ ಅಬಿಸೀನಿಯಾದಲ್ಲಿ ಇದೇ ರೆಜಿಮೆಂಟಿನ ಇನ್ನೊಬ್ಬ ಸೆಕೆಂಡ್ ಲೆಫ್ಟಿನೆಂಟ್ ಪ್ರೇಮೀಂದ್ರ ಸಿಂಗ್ ಭಗತ್ ನಾಲ್ಕು ದಿನಗಳಲ್ಲಿ 55 ಮೈಲಿ ಉದ್ದಕ್ಕೂ 15 ಮೈನ್ ಕ್ಷೇತ್ರಗಳನ್ನು ತೆರವು ಮಾಡಿಸಿದ್ದರು. ಅವರು ಕೂತಿದ್ದ ಕ್ಯಾರಿಯರ್ ಎರಡು ಸಲ ಸ್ಫೋಟಕ್ಕೆ ಸಿಕ್ಕಿತ್ತು. ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಅದೇ ದರ್ಜೆ, ಅದೇ ಕೆಲಸ, ಅದೇ ನಾಲ್ಕು ದಿನ! ಖಡಕಿಯಲ್ಲಿ ತರಬೇತಿ ಪಡೆಯುವ ಹುಡುಗರಿಗೆ ಈ ಎರಡು ಕಥೆ ಸಾಕು ಅನ್ನಿಸುತ್ತೆ.

1950ರ ಜನವರಿ 26ರಂದು ಪರಮವೀರ ಚಕ್ರ ಸ್ಥಾಪನೆಯಾಯಿತು, 1947ರ ಆಗಸ್ಟ್ 15ರಿಂದಲೇ ಅನ್ವಯವಾಗುವ ಹಾಗೆ. ಆ ಮೊದಲ ಯುದ್ಧಕ್ಕೆ ಐದು ಪದಕಗಳು: ಮೇಜರ್ ಸೋಮನಾಥ ಶರ್ಮಾ, ನಾಯಕ್ ಜದುನಾಥ್ ಸಿಂಗ್, ಹವಾಲ್ದಾರ್ ಮೇಜರ್ ಪೀರು ಸಿಂಗ್, ಲ್ಯಾನ್ಸ್ ನಾಯಕ್ ಕರಮ್ ಸಿಂಗ್ ಮತ್ತು ರಾಣೆ. ಮೊದಲ ಮೂವರು ರಣರಂಗದಲ್ಲೇ ಪ್ರಾಣ ಬಿಟ್ಟವರು. ಪದಕ ನೋಡಲು ಬದುಕಿದ್ದವರು ಕರಮ್ ಸಿಂಗ್ ಮತ್ತು ರಾಣೆ ಇಬ್ಬರೇ.

ರಾಣೆ 1968ರಲ್ಲಿ ಮೇಜರ್ ಆಗಿ ನಿವೃತ್ತರಾದರು. ಆಮೇಲೆಯೂ 1971ರವರೆಗೆ ಸೈನ್ಯದಲ್ಲಿ ಮರುನೇಮಕದ ಮೇಲೆ ದುಡಿದರು. 1994ರ ಜುಲೈಯಲ್ಲಿ ಪುಣೆಯಲ್ಲಿ ತೀರಿಕೊಂಡರು, 76ನೇ ವಯಸ್ಸಿನಲ್ಲಿ. ಹಡಗು ನಿಗಮದವರು 1984ರಲ್ಲಿ ಒಂದು ತೈಲ ಹಡಗಿಗೆ ಅವರ ಹೆಸರಿಟ್ಟಿದ್ದರು. 2023ರ ಜನವರಿ 23ರಂದು ಅಂಡಮಾನಿನ 21 ದ್ವೀಪಗಳಿಗೆ ಪರಮವೀರರ ಹೆಸರಿಟ್ಟಾಗ ಅದರಲ್ಲಿ ಒಂದು ರಾಣೆಯವರದ್ದು. ಕರಾವಳಿಯ ಹುಡುಗನ ಹೆಸರು ಸಮುದ್ರದ ನಡುವಿನ ದ್ವೀಪಕ್ಕೆ, ಚೆನ್ನಾಗಿದೆ ಅಲ್ವಾ?

ಇಷ್ಟಾದರೂ ನಮ್ಮಲ್ಲಿ ಅವರ ಹೆಸರು ಯಾಕೆ ಅಷ್ಟು ಓಡಾಡಲಿಲ್ಲ ಅಂತ ಯೋಚಿಸಿದರೆ ನನಗೆ ಎರಡು ಕಾರಣ ಕಾಣುತ್ತವೆ. ಒಂದು, ಅವರು ಹುಟ್ಟಿದಾಗ ಕಾರವಾರ ಮುಂಬಯಿ ಪ್ರಾಂತ್ಯದಲ್ಲಿತ್ತು, ಪದಕ ಬಂದಾಗಲೂ ಅಲ್ಲೇ ಇತ್ತು. ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ರೆಜಿಮೆಂಟೂ ಪುಣೆಯದ್ದು, ಆಮೇಲಿನ ಬದುಕೂ ಪುಣೆಯಲ್ಲಿ. ಹಾಗಾಗಿ ಮಹಾರಾಷ್ಟ್ರದವರು ತಮ್ಮವರು ಅಂದರು, ನಾವು ಸುಮ್ಮನಿದ್ದೆವು. ಎರಡನೆಯದು, ರಸ್ತೆ ಮಾಡಿದವರನ್ನು ಮರೆಯುವುದು ಸುಲಭ. ಊರು ಗೆದ್ದವರು ನೆನಪಿನಲ್ಲಿ ಉಳಿಯುತ್ತಾರೆ, ಊರಿಗೆ ದಾರಿ ಬಿಡಿಸಿದವರು ದಾರಿಯಲ್ಲೇ ಉಳಿದುಬಿಡುತ್ತಾರೆ.

ರಾಜೌರಿಯವರು ಮರೆತಿಲ್ಲ. ಅಲ್ಲಿ ಏಪ್ರಿಲ್ 13ನ್ನು ರಾಜೌರಿ ದಿನ ಅಂತ ಆಚರಿಸುತ್ತಾರೆ. ಕಾರವಾರ, ಅಂಕೋಲೆ ಕಡೆಯ ಗೆಳೆಯರೇ, ಚೆಂಡಿಯಾದ ಹಿರಿಯರ ಬಾಯಲ್ಲಿ ರಾಣೆಯವರ ಬಗ್ಗೆ ಕೇಳಿದ ಮಾತೇನಾದರೂ ನಿಮ್ಮ ಹತ್ತಿರ ಇದ್ದರೆ ದಯವಿಟ್ಟು ಬರೆಯಿರಿ. ಪತ್ರದಲ್ಲಿ ಗಂಟೆಗಳಿವೆ, ಮನುಷ್ಯ ಹೇಗಿದ್ದರು ಅನ್ನೋದು ಊರಿನವರೇ ಹೇಳಬೇಕು.